ಪಚ್ಚೆ ಹರಳು: ಕೊಳ್ಳುವವರು, ತೊಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಚ್ಚೆ ಎಂದರೆ ಯಾವ ಕಲ್ಲು? ಹಸಿರಾಗಿರುವುದೆಲ್ಲ ಪಚ್ಚೆಯೇ?

ಅಲ್ಲ. ಪಚ್ಚೆ ಬೆರಿಲ್ ಎಂಬ ಖನಿಜದ ಒಂದು ಬಗೆ. ಬೆರಿಲಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಖನಿಜ ಅದು. ಶುದ್ಧ ಬೆರಿಲ್‌ಗೆ ಬಣ್ಣವೇ ಇಲ್ಲ. ಅದರೊಳಗೆ ಕಬ್ಬಿಣದ ಅಂಶ ಸೇರಿದರೆ ತಿಳಿನೀಲಿಯ ಅಕ್ವಾಮರೀನ್ ಆಗುತ್ತದೆ. ಕ್ರೋಮಿಯಂ ಅಥವಾ ವೆನೇಡಿಯಂ ಸೇರಿದರೆ ಪಚ್ಚೆ. ಕಬ್ಬಿಣದಿಂದಷ್ಟೇ ತೆಳು ಹಸಿರಾಗಿರುವ ಕಲ್ಲನ್ನು ಪ್ರಯೋಗಾಲಯಗಳು ‘ಹಸಿರು ಬೆರಿಲ್’ ಎಂದೇ ಬರೆಯುತ್ತವೆ, ಅದರ ಬೆಲೆಯೂ ಬಹಳ ಕಡಿಮೆ. ಆದ್ದರಿಂದ ವರದಿಯಲ್ಲಿ ‘ನೈಸರ್ಗಿಕ ಬೆರಿಲ್’ ಎಂಬ ಸಾಲು ಕಂಡ ಕೂಡಲೇ ತೃಪ್ತರಾಗಬೇಡಿ. ಅದರ ಕೆಳಗೆ, ಯಾವ ಬಗೆ ಎಂಬ ಕಡೆ ‘ಪಚ್ಚೆ’ ಎಂದು ಇದೆಯೇ ನೋಡಿ.

ಒಳಗೆ ಬಿರುಕಿಲ್ಲದ ಪಚ್ಚೆ ಏಕೆ ಸಿಗುವುದಿಲ್ಲ?

ಪಚ್ಚೆ ಹುಟ್ಟುವ ಬಗೆಯೇ ಹಾಗಿದೆ. ಬೆರಿಲಿಯಂ ಸಾಮಾನ್ಯವಾಗಿ ಗ್ರಾನೈಟ್ ಜಾತಿಯ ಶಿಲೆಗಳಲ್ಲಿರುತ್ತದೆ. ಕ್ರೋಮಿಯಂ ಇರುವುದು ಅದಕ್ಕೆ ತದ್ವಿರುದ್ಧವಾದ, ಭೂಮಿಯ ಆಳದಿಂದ ಬಂದ ಕಪ್ಪು ಶಿಲೆಗಳಲ್ಲಿ. ಎರಡೂ ಒಂದೆಡೆ ಸೇರುವುದೇ ಅಪರೂಪ. ರಾಜಸ್ಥಾನ, ಜಾಂಬಿಯಾ, ಬ್ರೆಜಿಲ್‌ಗಳಲ್ಲಿ ಬೆರಿಲಿಯಂ ಹೊತ್ತ ಬಿಸಿ ದ್ರವ ಕ್ರೋಮಿಯಂ ಇರುವ ಶಿಲೆಗೆ ನುಗ್ಗಿದ ಕಡೆ ಪಚ್ಚೆ ಕಟ್ಟಿಕೊಂಡಿದೆ. ಕೊಲಂಬಿಯಾದ ಕಥೆ ಬೇರೆ: ಅಲ್ಲಿ ಬಿಸಿ ಉಪ್ಪುನೀರು ಕಪ್ಪು ಜೇಡಿಶಿಲೆಯೊಳಗೆ ಹರಿದು, ಆ ಶಿಲೆಯಲ್ಲಿದ್ದ ಧಾತುಗಳನ್ನೇ ಕರಗಿಸಿಕೊಂಡು, ಸೀಳುಗಳಲ್ಲಿ ಹರಳನ್ನು ಬೆಳೆಸಿತು. ಎರಡೂ ಕಡೆ ನೆಲ ಒತ್ತುತ್ತ, ಬಿರಿಯುತ್ತ ಇದ್ದಾಗಲೇ ಹರಳು ಬೆಳೆದದ್ದು. ಅದರ ಗುರುತೇ ಈ ಬಿರುಕು, ಎಳೆ, ನೀರಗುಳ್ಳೆ.

ವಜ್ರವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಡಿ ನೋಡಿ ಬೆಲೆ ಕಟ್ಟುತ್ತಾರೆ. ಪಚ್ಚೆಯನ್ನು ಮೊದಲು ಬರಿಗಣ್ಣಿನಲ್ಲೇ ನೋಡಬೇಕು. ಕೈಯಳತೆಯ ದೂರದಲ್ಲಿ ಬಣ್ಣ ತುಂಬಿ ಕಂಡರೆ, ಒಳಗಿನ ಎಳೆಗಳು ಬೆಳಕನ್ನು ತಡೆಯದಿದ್ದರೆ ಅದು ಒಳ್ಳೆಯ ಕಲ್ಲು. ಕಡಿಮೆ ಬೆಲೆಗೆ ‘ಒಂದು ಚುಕ್ಕೆಯೂ ಇಲ್ಲ’ ಎಂದು ದೊಡ್ಡ ಪಚ್ಚೆ ತೋರಿಸಿದರೆ ಅದು ಗಾಜೋ ಪ್ರಯೋಗಾಲಯದ ಬೆಳೆಯೋ ಆಗಿರುವ ಸಂಭವವೇ ಹೆಚ್ಚು.

ಮೊದಲು ಪಚ್ಚೆ ಎಲ್ಲಿ ಸಿಕ್ಕಿತು?

ಈಜಿಪ್ಟಿನ ಪೂರ್ವ ಮರುಭೂಮಿಯಲ್ಲಿ, ವಾದಿ ಸಿಕೈತ್ ಸುತ್ತಲಿನ ಬೆಟ್ಟಗಳಲ್ಲಿ. ರೋಮನ್ನರ ಕಾಲದಲ್ಲಿ ಅದು ದೊಡ್ಡ ಗಣಿ ಪ್ರದೇಶ. ಆಮೇಲೆ ಮರೆತುಹೋಗಿದ್ದ ಆ ಗಣಿಗಳನ್ನು 19ನೆಯ ಶತಮಾನದ ಎರಡನೆಯ ದಶಕದಲ್ಲಿ ಫ್ರೆಂಚ್ ಪ್ರವಾಸಿ ಫ್ರೆಡೆರಿಕ್ ಕೈಯೋ ಮತ್ತೆ ಗುರುತಿಸಿದ. ಅಲ್ಲಿಯ ಕಲ್ಲು ಸಾಮಾನ್ಯ ದರ್ಜೆಯದು, ಮಬ್ಬು ಹಸಿರು. ಯೂರೋಪಿಗೆ ಆಸ್ಟ್ರಿಯಾದ ಹಬಾಕ್‌ತಾಲ್ ಕಣಿವೆಯ ಪಚ್ಚೆಯೂ ಗೊತ್ತಿತ್ತು.

ಎಲ್ಲವನ್ನೂ ಬದಲಿಸಿದ್ದು ಕೊಲಂಬಿಯಾ. ಚಿವೋರ್, ಮೂಸೋ, ಕೊಸ್ಕೇಸ್ ಪ್ರದೇಶದ ಪಚ್ಚೆ ಅಲ್ಲಿಯ ಮೂಲನಿವಾಸಿಗಳಿಗೆ ನೂರಾರು ವರ್ಷಗಳಿಂದ ಪರಿಚಿತ. ಸ್ಪೇನಿನವರು 1537ರಲ್ಲಿ ಚಿವೋರ್ ಗಣಿಗಳನ್ನು ತಲುಪಿದರು. ಮೂಸೋ ಜನ ದಶಕಗಳ ಕಾಲ ಕಾದಾಡಿದ ಮೇಲಷ್ಟೇ ಮಣಿದರು. ಆಮೇಲೆ ಅದೇ ಜನರನ್ನು ಗಣಿಯಲ್ಲಿ ದುಡಿಸಿ ಸಾಯಿಸಿದ ಇತಿಹಾಸವೂ ಈ ಕಲ್ಲಿಗಿದೆ. ಅಲ್ಲಿಂದ ಹಡಗೇರಿದ ಪಚ್ಚೆಗೆ ಅತಿ ದೊಡ್ಡ ಗಿರಾಕಿಗಳಾದವರು ಸ್ಪೇನಿನ ದೊರೆಗಳಲ್ಲ; ಮೊಘಲರು, ಪರ್ಷಿಯಾದವರು, ತುರ್ಕರು. ಗೋವಾದ ಪೋರ್ಚುಗೀಸ್ ವ್ಯಾಪಾರಿಗಳ ಮೂಲಕ ಬಹಳಷ್ಟು ಭಾರತದ ಒಳನಾಡಿಗೆ ಬಂತು.

ಮೊಘಲರ ಕಾಲದ ಒಂದು ಕಲ್ಲನ್ನು ಇಲ್ಲಿ ಹೇಳಲೇಬೇಕು. 217.80 ಕ್ಯಾರಟ್, ಅಂದರೆ ಸುಮಾರು 43.5 ಗ್ರಾಂ ತೂಕದ ಆಯತಾಕಾರದ ಪಚ್ಚೆ. ಒಂದು ಮುಖದಲ್ಲಿ ಹೂಬಳ್ಳಿ, ಇನ್ನೊಂದು ಮುಖದಲ್ಲಿ ಷಿಯಾ ಪ್ರಾರ್ಥನೆ, ಜೊತೆಗೆ ಹಿಜರಿ 1107 ಎಂಬ ಇಸವಿ, ಅದು ಕ್ರಿ.ಶ. 1695–96. ಆಗ ಪಟ್ಟದಲ್ಲಿದ್ದವನು ಸುನ್ನಿ ಪಂಥದ ಔರಂಗಜೇಬ್, ಅವನ ಬೀಡು ಇದ್ದದ್ದು ದಖ್ಖನಿನಲ್ಲಿ. ಪ್ರಾರ್ಥನೆಯನ್ನು ನೋಡಿದರೆ ಇದು ಬಾದಶಹನಿಗಲ್ಲ, ಯಾರೋ ಷಿಯಾ ಸರದಾರನಿಗೆ ಕೆತ್ತಿದ್ದು ಎಂಬ ಊಹೆ ಸಹಜ. 2001ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು ಸುಮಾರು 22 ಲಕ್ಷ ಡಾಲರಿಗೆ ಮಾರಾಟವಾಯಿತು. ಕೆತ್ತನೆಗೆ ಇಷ್ಟು ದೊಡ್ಡ ಕಲ್ಲನ್ನೇ ಆರಿಸಿದ್ದಕ್ಕೆ ಕಾರಣವಿದೆ: ಮೂಲೆ ಕೊಯ್ದು ಮುಖ ತೆಗೆದರೆ ತೂಕ ಹೋಗುತ್ತದೆ, ಕೆತ್ತಿದರೆ ತೂಕವೂ ಉಳಿಯುತ್ತದೆ, ಬಿರುಕುಗಳೂ ಬಳ್ಳಿಯೊಳಗೆ ಮರೆಯಾಗುತ್ತವೆ.

ವಿಜಯನಗರದಲ್ಲಿ ಪಚ್ಚೆ ಮಾರುತ್ತಿದ್ದರು ಎನ್ನುತ್ತಾರೆ. ಅದು ಎಲ್ಲಿಯದು?

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿಯ ಪೇಟೆಯಲ್ಲಿ ಮಾಣಿಕ್ಯ, ವಜ್ರ, ಮುತ್ತುಗಳ ಜೊತೆ ಪಚ್ಚೆಯನ್ನೂ ಹೆಸರಿಸುತ್ತಾನೆ. ಸ್ಪೇನಿನವರು ಕೊಲಂಬಿಯಾದ ಗಣಿ ಮುಟ್ಟಿದ್ದು ಅದಾಗಿ ಹದಿನೇಳು ವರ್ಷಗಳ ಮೇಲೆ. ಹಾಗಾಗಿ ಅವನು ಕಂಡದ್ದು ಕೊಲಂಬಿಯಾದ ಕಲ್ಲಾಗಿರಲು ಸಾಧ್ಯವಿಲ್ಲ. ಈಜಿಪ್ಟ್, ಇಂದಿನ ಪಾಕಿಸ್ತಾನದ ಸ್ವಾತ್, ಅಫ್ಘಾನಿಸ್ತಾನದ ಪಂಜ್‌ಶೀರ್ ಕಡೆಯ ಹಳೆಯ ಕಲ್ಲುಗಳಿರಬಹುದು, ಪಚ್ಚೆ ಎಂದು ಕರೆದ ಬೇರೆ ಹಸಿರು ಹರಳುಗಳೂ ಇರಬಹುದು.

ಇಂಥ ಪ್ರಶ್ನೆಗೆ ಈಗ ಉತ್ತರ ಹುಡುಕುವ ದಾರಿಯಿದೆ. ಹರಳಿನೊಳಗಿನ ಆಮ್ಲಜನಕದ ಐಸೊಟೋಪ್‌ಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಪ್ರಮಾಣ ಗಣಿಯಿಂದ ಗಣಿಗೆ ಬೇರೆಯಾಗುತ್ತದೆ. 2000ದಲ್ಲಿ ಫ್ರೆಂಚ್ ಸಂಶೋಧಕರು ಹೀಗೆ ಅಳೆದಾಗ, ರೋಮನ್ ಕಾಲದ ಗಾಲ್ ಪ್ರಾಂತ್ಯದ (ಇಂದಿನ ಫ್ರಾನ್ಸ್ ಕಡೆಯ) ಒಂದು ಕಿವಿಯೋಲೆಯ ಪಚ್ಚೆ ಇಂದಿನ ಪಾಕಿಸ್ತಾನದ ಸ್ವಾತ್ ಕಣಿವೆಯದ್ದೆಂದು ತಿಳಿಯಿತು. ಹೈದರಾಬಾದ್ ನಿಜಾಮರ ಸಂಗ್ರಹದಲ್ಲಿ ‘ಹಳೆ ಗಣಿ’ಯವು, ಅಂದರೆ ಏಷ್ಯಾದ ಪುರಾತನ ಗಣಿಗಳವು ಎಂದು ಹೆಸರಾದ ಪಚ್ಚೆಗಳಲ್ಲೂ ಕೊಲಂಬಿಯಾದವೇ ಕಾಣಿಸಿಕೊಂಡವು. ‘ಹಳೆ ಗಣಿ’ ಎಂಬ ಮಾತು ಈಗಲೂ ವ್ಯಾಪಾರದಲ್ಲಿದೆ. ಅದನ್ನು ಬಣ್ಣದ ಹೊಗಳಿಕೆ ಎಂದಷ್ಟೇ ತಿಳಿಯಿರಿ, ಊರಿನ ವಿಳಾಸವೆಂದಲ್ಲ.

ಭಾರತದಲ್ಲಿ ಪಚ್ಚೆ ಸಿಗುತ್ತದೆಯೇ? ಕರ್ನಾಟಕದಲ್ಲಿ?

ರಾಜಸ್ಥಾನದ ಅಜ್ಮೇರ್–ಉದಯಪುರ ಪಟ್ಟಿಯಲ್ಲಿ 1940ರ ದಶಕದಲ್ಲಿ ಸಿಕ್ಕಿತು, ಜಾರ್ಖಂಡಿನ ಗುಡಾಬಂದಾದಲ್ಲೂ ಇದೆ. ಕೊಯ್ತ ಮತ್ತು ಸಾಣೆಯ ಕೆಲಸಕ್ಕಂತೂ ಜೈಪುರ ಇಡೀ ಜಗತ್ತಿಗೆ ಕೇಂದ್ರ. ಜಾಂಬಿಯಾದ ಕಚ್ಚಾ ಕಲ್ಲಿನ ದೊಡ್ಡ ಪಾಲು ಅಲ್ಲಿಗೇ ಬರುತ್ತದೆ.

ಕರ್ನಾಟಕದಲ್ಲಿ ಪಚ್ಚೆಯ ಗಣಿಗಾರಿಕೆಯಿಲ್ಲ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಸುಂದರ ಹಸಿರು ಶಿಲೆ ಫುಕ್ಸೈಟ್ ಕ್ವಾರ್ಟ್‌ಝೈಟ್. ಅದಕ್ಕೂ ಹಸಿರು ಕೊಡುವುದು ಕ್ರೋಮಿಯಮ್ಮೇ, ಆದರೆ ಅದು ಅಭ್ರಕ ಬೆರೆತ ಬೆಣಚುಕಲ್ಲು. ಇಂಥ ಬೆಣಚುಕಲ್ಲಿನ ಅಥವಾ ಹಸಿರು ಅವೆಂಚುರಿನ್‌ನ ಲಿಂಗ, ಗಣಪತಿಗಳನ್ನು ‘ಮರಕತ’ ಎಂಬ ಹೆಸರಿನಲ್ಲಿ ಆನ್‌ಲೈನಿನಲ್ಲಿ ಮಾರುವುದುಂಟು. ಪೂಜೆಗೆ ಬೇಕಾದರೆ ಕೊಳ್ಳಿ, ಪಚ್ಚೆಯ ಬೆಲೆ ಕೊಡಬೇಡಿ.

ಕೊಲಂಬಿಯಾದ್ದೇ ಬೇಕೇ? ಜಾಂಬಿಯಾದ್ದು ಕಡಿಮೆಯೇ?

ಕೊಲಂಬಿಯಾದ ಕಲ್ಲಿನಲ್ಲಿ ಕಬ್ಬಿಣ ಕಡಿಮೆ, ಆದ್ದರಿಂದ ಹಸಿರು ಬೆಚ್ಚಗೆ, ಹೊಳೆದಂತೆ ಕಾಣುತ್ತದೆ. ಜಾಂಬಿಯಾದ ಕಲ್ಲಿನಲ್ಲಿ ಕಬ್ಬಿಣ ಹೆಚ್ಚು, ಹಸಿರಿಗೆ ನೀಲಿಯ ಛಾಯೆ ಬರುತ್ತದೆ. ಒಳಗೆ ಹೆಚ್ಚು ಸ್ವಚ್ಛವಾಗಿರುವ ಕಲ್ಲುಗಳೂ ಅಲ್ಲಿ ಸಿಗುತ್ತವೆ. ಅಲ್ಲಿಯ ಕಾಗೆಮ್ ಗಣಿಯಿಂದ 2018ರಲ್ಲಿ 5,655 ಕ್ಯಾರಟ್‌ನ, 2021ರಲ್ಲಿ 7,525 ಕ್ಯಾರಟ್‌ನ ಕಚ್ಚಾ ಹರಳುಗಳು ಬಂದವು. ಒಂದೇ ಅಂದದ ಎರಡು ಕಲ್ಲುಗಳಲ್ಲಿ ಕೊಲಂಬಿಯಾದ್ದಕ್ಕೆ ಬೆಲೆ ಹೆಚ್ಚು, ಅದು ಹೆಸರಿನ ಬೆಲೆ. ನಮ್ಮ ಸಲಹೆ: ಮಂಕಾದ ಕೊಲಂಬಿಯಾಕ್ಕಿಂತ ಜೀವಕಳೆಯಿರುವ ಜಾಂಬಿಯಾವನ್ನು ಆರಿಸಿ.

ಅಂಗಡಿಯಲ್ಲಿ ಬಣ್ಣ ನೋಡುವುದು ಹೇಗೆ?

ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಎಲ್ಲ ಪಚ್ಚೆಯೂ ಚೆನ್ನಾಗಿಯೇ ಕಾಣುತ್ತದೆ. ಹಗಲಿನಲ್ಲಿ ಹೋಗಿ, ಕಲ್ಲನ್ನು ಬಾಗಿಲ ಬಳಿ ತನ್ನಿ, ನೇರ ಬಿಸಿಲಿಗಲ್ಲ, ನೆರಳಿನ ಬೆಳಕಿಗೆ. ಬಿಳಿ ಕಾಗದದ ಮೇಲಿಟ್ಟು ನೋಡಿ. ಆಮೇಲೆ ಬೆರಳ ಸಂದಿಯಲ್ಲಿಟ್ಟು ನೋಡಿ, ಏಕೆಂದರೆ ನೀವು ತೊಡುವುದು ಚರ್ಮದ ಮೇಲೆ. ನಡುಮಟ್ಟದಿಂದ ಸ್ವಲ್ಪ ಗಾಢವಾದ, ಮೂಲೆಯಿಂದ ಮೂಲೆಗೆ ಸಮನಾಗಿ ಹರಡಿದ ಹಸಿರು ಉತ್ತಮ. ತೀರ ಗಾಢವಾದರೆ ಸಂಜೆಯ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ.

ಬಿಡಿ ಕಲ್ಲಾದರೆ ಇನ್ನೊಂದು ಪರೀಕ್ಷೆ ಮಾಡಿ. ಮೇಲ್ಮುಖ ಮಾಡಿ ದಿನಪತ್ರಿಕೆಯ ಅಕ್ಷರದ ಮೇಲೆ ಹಿಡಿಯಿರಿ. ನಡುವಿನಲ್ಲಿ ಅಕ್ಷರ ಸಲೀಸಾಗಿ ಓದಲು ಬಂದರೆ ತಳವನ್ನು ತೆಳ್ಳಗೆ ಕೊಯ್ದಿದ್ದಾರೆ ಎಂದರ್ಥ. ಅಂಥ ಕಲ್ಲಿನ ನಡುವೆ ಬಣ್ಣ ಬಸಿದುಹೋದಂತೆ ತೆಳುವಾಗಿರುತ್ತದೆ. ಹೊಟ್ಟೆ ದಪ್ಪವಾದರೆ ಅದರ ವಿರುದ್ಧದ ನಷ್ಟ: ತೂಕಕ್ಕೆ ಹಣ ಕೊಡುತ್ತೀರಿ, ಮೇಲೆ ಕಾಣುವ ಅಗಲ ಸಿಗುವುದಿಲ್ಲ.

ರತ್ತಿಯೋ ಕ್ಯಾರಟ್ಟೋ?

ಕ್ಯಾರಟ್‌ನಲ್ಲೇ ಬರೆಸಿಕೊಳ್ಳಿ. ಒಂದು ಕ್ಯಾರಟ್ ಎಂದರೆ 0.2 ಗ್ರಾಂ, ಎಲ್ಲೆಡೆಯೂ ಒಂದೇ. ರತ್ತಿ ಹಾಗಲ್ಲ. ಚಿನ್ನದ ರತ್ತಿ ಸುಮಾರು 0.12 ಗ್ರಾಂ, ಹರಳಿನ ‘ಪಕ್ಕಾ’ ರತ್ತಿ ಸುಮಾರು 0.18 ಗ್ರಾಂ, ಅಂದರೆ 0.91 ಕ್ಯಾರಟ್. ಜ್ಯೋತಿಷಿ ‘ಐದು ರತ್ತಿ’ ಎಂದರೆ ಒಂದು ಲೆಕ್ಕದಲ್ಲಿ 3 ಕ್ಯಾರಟ್, ಇನ್ನೊಂದರಲ್ಲಿ ನಾಲ್ಕೂವರೆ. ಬೆಲೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಪಚ್ಚೆಗೆ ಎಣ್ಣೆ ಹಾಕಿರುತ್ತಾರಂತೆ, ಅದು ಮೋಸವಲ್ಲವೇ?

ಹೇಳಿ ಮಾರಿದರೆ ಮೋಸವಲ್ಲ. ಇದು ಶತಮಾನಗಳಿಂದ ನಡೆದು ಬಂದ ಪದ್ಧತಿ, ಮಾರುಕಟ್ಟೆಯ ಬಹುಪಾಲು ಪಚ್ಚೆಗೆ ಏನಾದರೂ ತುಂಬಿರುತ್ತಾರೆ. ಬಿರುಕಿನಲ್ಲಿ ಗಾಳಿ ಇದ್ದರೆ ಬೆಳಕು ಅಲ್ಲಿಗೆ ಬಂದು ತಟ್ಟನೆ ಬಾಗಿ ಚದುರುತ್ತದೆ, ಬಿರುಕು ಬೆಳ್ಳಗೆ ಮಿನುಗುತ್ತದೆ. ಪಚ್ಚೆಯ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.58, ಹೆಚ್ಚಾಗಿ ತುಂಬುವ ದೇವದಾರು ಎಣ್ಣೆಯದು ಸುಮಾರು 1.51. ಎರಡೂ ಹತ್ತಿರವಿರುವುದರಿಂದ ಎಣ್ಣೆ ತುಂಬಿದ ಬಿರುಕನ್ನು ಬೆಳಕು ಗಮನಿಸದೆ ದಾಟಿಹೋಗುತ್ತದೆ.

ಕೇಳಬೇಕಾದ್ದು ಎರಡೇ ಪ್ರಶ್ನೆ: ಏನು ತುಂಬಿದ್ದೀರಿ, ಎಷ್ಟು ತುಂಬಿದ್ದೀರಿ? ಬಣ್ಣವಿಲ್ಲದ ಎಣ್ಣೆ ಎಲ್ಲರೂ ಒಪ್ಪಿದ್ದು. ಒಣಗಿದರೆ ತೊಳೆದು ಮತ್ತೆ ಹಾಕಬಹುದು. ಎಪಾಕ್ಸಿ ರಾಳ ಎಂಬ ಕೃತಕ ಅಂಟು ಬಿರುಕನ್ನು ಇನ್ನೂ ಚೆನ್ನಾಗಿ ಮರೆಸುತ್ತದೆ, ಆದರೆ ಕೆಲವು ಬಗೆಯವು ವರ್ಷಗಳಾದ ಮೇಲೆ ಹಳದಿಯಾಗಿ, ಮಬ್ಬಾಗಿ, ತೆಗೆಯಲು ಕಷ್ಟ ಕೊಡುತ್ತವೆ. ಹಸಿರು ಬಣ್ಣ ಬೆರೆಸಿದ ಎಣ್ಣೆಯನ್ನು ಮಾತ್ರ ನಾವು ಒಪ್ಪುವುದಿಲ್ಲ. ಅಲ್ಲಿ ನೀವು ಕೊಳ್ಳುವುದು ಕಲ್ಲಿನ ಬಣ್ಣವನ್ನಲ್ಲ, ಸೀಸೆಯ ಬಣ್ಣವನ್ನು. ಅಗ್ಗದ ಪಚ್ಚೆ ಮಣಿಸರಗಳಲ್ಲಿ ಇದು ಸಾಮಾನ್ಯ: ಭೂತಗನ್ನಡಿಯಲ್ಲಿ ನೋಡಿದರೆ ಮಣಿಯ ಮೈ ಪೇಲವ, ಬಿರುಕಿನ ಗೆರೆಗಳಲ್ಲಿ ಮಾತ್ರ ಗಾಢ ಹಸಿರು.

ಪ್ರಮಾಣಪತ್ರದಲ್ಲಿ ಏನೇನು ನೋಡಬೇಕು?

ಮೊದಲು ‘ನೈಸರ್ಗಿಕ’ ಮತ್ತು ‘ಪಚ್ಚೆ’ ಎಂಬ ಎರಡೂ ಮಾತು. ಆಮೇಲೆ ತೂಕ, ಮಿಲಿಮೀಟರ್ ಅಳತೆ. ಕೈಯಲ್ಲಿರುವ ಕಲ್ಲಿಗೂ ವರದಿಗೂ ಇವು ತಾಳೆಯಾಗಬೇಕು. ಎಲ್ಲಕ್ಕಿಂತ ಮುಖ್ಯವಾದ್ದು ತುಂಬುವಿಕೆಯ ಸಾಲು: ಇಲ್ಲ, ಅಲ್ಪ, ಮಧ್ಯಮ, ಅಧಿಕ ಎಂಬಂತೆ ಪ್ರಮಾಣ ಬರೆದಿರುತ್ತಾರೆ. ನೋಡಲು ಒಂದೇ ತರಹದ ಎರಡು ಕಲ್ಲುಗಳಲ್ಲಿ ‘ಅಲ್ಪ’ಕ್ಕೂ ‘ಅಧಿಕ’ಕ್ಕೂ ಬೆಲೆ ಹಲವು ಪಟ್ಟು ಬೇರೆಯಾಗಬಹುದು. ಈ ಸಾಲೇ ಇಲ್ಲದ, ಅಂಗಡಿಯವರೇ ಅಚ್ಚು ಹಾಕಿಸಿದ ಪ್ಲಾಸ್ಟಿಕ್ ಕಾರ್ಡನ್ನು ಪ್ರಮಾಣಪತ್ರವೆಂದು ನಂಬಬೇಡಿ. ಜೈಪುರದ ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ (ಈಗಿನ ಹೆಸರು ಐಐಜಿಜೆ-ಆರ್‌ಎಲ್‌ಸಿ), ಅಮೆರಿಕದ ಜಿಐಎ, ಐಜಿಐ, ಸ್ವಿಟ್ಜರ್ಲೆಂಡಿನ ಗುಬೆಲಿನ್, ಎಸ್‌ಎಸ್‌ಇಎಫ್ ಇವೆಲ್ಲ ಹೆಸರುವಾಸಿ ಪ್ರಯೋಗಾಲಯಗಳು.

ಒಡವೆಯ ಮೇಲಿನ ಹಾಲ್‌ಮಾರ್ಕ್, ಎಚ್‌ಯುಐಡಿ (ಒಡವೆಗೆ ಒಂದರಂತೆ ಕೊಡುವ ಗುರುತಿನ) ಸಂಖ್ಯೆ ಚಿನ್ನದ ಶುದ್ಧತೆಗೆ ಮಾತ್ರ. ಕಲ್ಲಿನ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕಲ್ಲಿನ ತೂಕ ಮತ್ತು ಬೆಲೆ ಬೇರೆ ಬೇರೆ ಸಾಲಿನಲ್ಲಿರಲಿ. ಇಲ್ಲದಿದ್ದರೆ ಕಲ್ಲಿನ ತೂಕಕ್ಕೂ ಚಿನ್ನದ ದರ ಕೊಟ್ಟಿರುತ್ತೀರಿ.

ನಕಲಿಯನ್ನು ಮನೆಯಲ್ಲೇ ಪತ್ತೆ ಮಾಡಬಹುದೇ?

ಕೆಲವನ್ನು ಮಾತ್ರ. ಗಾಜಿನಲ್ಲಿ ದುಂಡನೆಯ ಗಾಳಿಗುಳ್ಳೆ, ಸುತ್ತಿದ ಗೆರೆಗಳು ಕಾಣುತ್ತವೆ, ಮುಖಗಳ ಅಂಚು ಸವೆದು ಮೊಂಡಾಗಿರುತ್ತದೆ. ಬಣ್ಣವಿಲ್ಲದ ಎರಡು ತುಂಡುಗಳ ನಡುವೆ ಹಸಿರು ಅಂಟು ಹಾಕಿ ಕೂಡಿಸಿದ ಕಲ್ಲೂ ಇದೆ. ಅದನ್ನು ಬಿಳಿ ಬಟ್ಟಲಿನ ನೀರಿನಲ್ಲಿ ಅಡ್ಡಲಾಗಿ ನಿಲ್ಲಿಸಿ ಪಕ್ಕದಿಂದ ನೋಡಿದರೆ ಮೇಲೆ ಕೆಳಗೆ ನೀರಿನಂತೆ, ನಡುವೆ ಹಸಿರು ಗೆರೆ. ಹಿಂಭಾಗ ಮುಚ್ಚಿದ ಕುಂದನ್ ಒಡವೆಯಲ್ಲಿ ಹಸಿರು ತಗಡಿನ ಮೇಲೆ ತೆಳು ಕಲ್ಲು ಕೂರಿಸಿರಬಹುದು, ಬಿಚ್ಚದೆ ಗೊತ್ತಾಗುವುದಿಲ್ಲ. ಟೆಂಪಲ್ ಜ್ಯುವೆಲರಿಯ ಕೆಂಪು, ಹಸಿರು ಹರಳುಗಳು ಬಹುಮಟ್ಟಿಗೆ ಗಾಜು ಅಥವಾ ಕೃತಕ. ಆ ಬೆಲೆಗೆ ಅದು ಸರಿಯೇ.

‘ನೀರಿನ ಲೋಟದಲ್ಲಿ ಹಾಕಿದರೆ ಹಸಿರು ಬೆಳಕು ಬರುತ್ತದೆ’ ಎಂಬ ಪರೀಕ್ಷೆಯಲ್ಲಿ ಹಸಿರು ಗಾಜೂ ಪಾಸಾಗುತ್ತದೆ. ಗಾಜಿನ ಮೇಲೆ ಗೀಚಿ ನೋಡುವುದಂತೂ ಬೇಡವೇ ಬೇಡ. ಬೆಣಚುಕಲ್ಲೂ ಗಾಜನ್ನು ಗೀಚುತ್ತದೆ, ನಿಮ್ಮ ಅಸಲಿ ಪಚ್ಚೆಯ ಮೂಲೆ ಮಾತ್ರ ಮುಕ್ಕಾಗುತ್ತದೆ.

ಪ್ರಯೋಗಾಲಯದಲ್ಲಿ ಬೆಳೆಸಿದ ಪಚ್ಚೆ ನಕಲಿಯೇ?

ಅದೂ ಬೆರಿಲ್, ಅದರಲ್ಲೂ ಕ್ರೋಮಿಯಂ. 1930ರ ದಶಕದಲ್ಲಿ ಜರ್ಮನಿಯಲ್ಲೂ, ಅಮೆರಿಕದಲ್ಲಿ ಕ್ಯಾರಲ್ ಚಾಥಮ್ ಕೈಯಲ್ಲೂ ಬೆಳೆಯಿತು. ಕರಗಿದ ಲವಣದ ದ್ರಾವಣದಲ್ಲಿ ಬೆಳೆಸಲು ತಿಂಗಳುಗಟ್ಟಲೆ ಬೇಕು. ಒತ್ತಡದ ಬಿಸಿನೀರಿನ ವಿಧಾನ ಬೇಗ ಮುಗಿಯುತ್ತದೆ. ಮೊದಲನೆಯದರಲ್ಲಿ ಹೊಗೆಯ ಪರದೆಯಂಥ ಎಳೆಗಳು, ಎರಡನೆಯದರಲ್ಲಿ ಬಾಣದ ತುದಿಯಂಥ ಬೆಳವಣಿಗೆಯ ಗೆರೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಕೊಲಂಬಿಯಾದ ನೈಸರ್ಗಿಕ ಕಲ್ಲಿನಲ್ಲಾದರೆ ಒಂದು ಪುಟ್ಟ ಗೂಡು, ಅದರಲ್ಲಿ ಉಪ್ಪುನೀರು, ನೀರಲ್ಲೊಂದು ಗಾಳಿಗುಳ್ಳೆ, ಪಕ್ಕದಲ್ಲಿ ಚೌಕಾಕಾರದ ಉಪ್ಪಿನ ಹರಳು. ದಿನಬಳಕೆಗೆ ದೊಡ್ಡ, ಸ್ವಚ್ಛ ಹಸಿರು ಬೇಕಾದವರಿಗೆ ಪ್ರಯೋಗಾಲಯದ್ದು ಒಳ್ಳೆಯ ಆಯ್ಕೆ, ಬಿಲ್ಲಿನಲ್ಲಿ ಹಾಗೆಂದು ಬರೆದಿದ್ದರೆ.

ಉಂಗುರಕ್ಕೆ ಯಾವ ಕಟ್ಟಡ (ಕಲ್ಲು ಕೂರಿಸುವ ಬಗೆ) ಸರಿ?

ವಜ್ರಕ್ಕೆ 10 ಕೊಡುವ ಮೋಸ್ ಮಾಪನದಲ್ಲಿ ಗಡಸುತನ 7.5ರಿಂದ 8 ಇದ್ದರೂ ಬಿರುಕುಗಳಿಂದಾಗಿ ಪಚ್ಚೆ ಪೆಟ್ಟು ತಾಳುವುದಿಲ್ಲ. ಮೂಲೆ ಕತ್ತರಿಸಿದ ಎಂಟು ಬದಿಯ ಆಕಾರ ಈ ಕಲ್ಲಿಗೆ ರೂಢಿಯಾದದ್ದು ಅದಕ್ಕೇ, ಚೂಪು ಮೂಲೆಯೇ ಮೊದಲು ಒಡೆಯುವುದು. ದಿನಾ ತೊಡುವ ಉಂಗುರಕ್ಕೆ ಸುತ್ತಲೂ ಚಿನ್ನದ ಅಂಚು ಮಡಚಿದ ಕಟ್ಟಡ ಕ್ಷೇಮ. ಕೊಕ್ಕೆಗಳಿಂದ ಕಟ್ಟಿಸಿದರೆ ಮೂಲೆಗಳ ಮೇಲೆ ಕೊಕ್ಕೆ ಕೂರಲಿ, ಕಲ್ಲಿನ ನೆತ್ತಿ ಅಂಚಿಗಿಂತ ತೀರ ಎತ್ತರವಾಗದಿರಲಿ. ಹಿಂಭಾಗ ತೆರೆದಿದ್ದರೆ ತೊಳೆಯಲೂ ಪರೀಕ್ಷಿಸಲೂ ಅನುಕೂಲ. ಪದಕ, ಜುಮಕಿಗಳಿಗೆ ಇಷ್ಟು ಚಿಂತೆ ಬೇಡ.

ತೊಳೆಯುವುದು ಹೇಗೆ? ಅಂಟುವಾಳ ಹಾಕಬಹುದೇ?

ಬಟ್ಟಲಿನಲ್ಲಿ ಉಗುರುಬೆಚ್ಚಗಿಂತಲೂ ತಣ್ಣಗಿನ ನೀರು, ಎರಡು ಹನಿ ಮೃದುವಾದ ಬೇಬಿ ಶಾಂಪೂ. ಒಡವೆಯನ್ನು ನೆನೆಯಿಡಬೇಡಿ, ಅದ್ದಿ ತೆಗೆದು, ಮಕ್ಕಳ ಮೆತ್ತನೆಯ ಬ್ರಷ್‌ನಿಂದ ಹಿಂಭಾಗವನ್ನು ಹಗುರವಾಗಿ ಉಜ್ಜಿ, ಬೇರೆ ನೀರಿನಲ್ಲಿ ಜಾಲಿಸಿ, ಹತ್ತಿ ಬಟ್ಟೆಯಲ್ಲಿ ಒರಸಿ. ಸಿಂಕಿನ ಮೇಲೆ ತೊಳೆಯಬೇಡಿ. ತಿಂಗಳಿಗೊಮ್ಮೆ ಸಾಕು.

ಅಂಟುವಾಳದ ನೀರು ಚಿನ್ನದ ಸರಕ್ಕೆ ಚೆನ್ನ. ಆದರೆ ಅದರಲ್ಲಿ ಒಡವೆ ಕುದಿಸುವ ರೂಢಿಯಿದೆಯಲ್ಲ, ಅದು ಪಚ್ಚೆಗೆ ಕೇಡು: ಬಿಸಿಗೆ ಎಣ್ಣೆ ಹೊರಬರುತ್ತದೆ, ಬಿರುಕು ಹಿಗ್ಗುತ್ತದೆ. ಹುಣಸೆಹಣ್ಣು, ನಿಂಬೆ, ಅಡಿಗೆ ಸೋಡಾ, ಟೂತ್‌ಪೇಸ್ಟ್ ಯಾವುದೂ ಬೇಡ. ಅರಿಸಿನದ ನೀರು ಬಿರುಕಿಗಿಳಿದರೆ ಹಳದಿ ಕಲೆ ಕೂರುತ್ತದೆ. ಒಡವೆ ಅಂಗಡಿಯವರು ‘ಉಚಿತ ಕ್ಲೀನಿಂಗ್’ ಎಂದು ಅಲ್ಟ್ರಾಸಾನಿಕ್ ಯಂತ್ರಕ್ಕೋ ಹಬೆಗೋ ಹಾಕುವ ಮುನ್ನ ‘ಇದರಲ್ಲಿ ಪಚ್ಚೆ ಇದೆ, ಹಾಕಬೇಡಿ’ ಎಂದು ಬಾಯಿಬಿಟ್ಟು ಹೇಳಿ. ಆ ಕಂಪನ ಎಣ್ಣೆಯನ್ನು ಕದಲಿಸುತ್ತದೆ, ಬಿರುಕನ್ನು ಆರಪಾರ ಮಾಡಬಲ್ಲದು. ಸ್ಯಾನಿಟೈಸರ್, ಉಗುರುಬಣ್ಣ ತೆಗೆಯುವ ದ್ರವ, ಸೆಂಟು ಇವು ಎಣ್ಣೆಯನ್ನು ಕರಗಿಸುವಂಥವು. ಹಚ್ಚಿಕೊಂಡು ಒಣಗಿದ ಮೇಲೆ ಉಂಗುರ ತೊಡಿ. ಪಾತ್ರೆ ತೊಳೆಯುವಾಗ, ಒಲೆಯ ಮುಂದೆ ನಿಂತಾಗ ತೆಗೆದಿಡಿ.

ಜ್ಯೋತಿಷಿ ಹಾಲಿನಲ್ಲಿ, ಜೇನಿನಲ್ಲಿ ಇಟ್ಟು ಶುದ್ಧಿ ಮಾಡಿ ಎಂದಿದ್ದಾರೆ.

ಬುಧನಿಗಾಗಿ ತೊಡುವವರು ಶ್ರದ್ಧೆಯಿಂದ ಮಾಡುವ ವಿಧಿ, ಅದಕ್ಕೆ ಅಡ್ಡಿಯಿಲ್ಲ. ರಾತ್ರಿಯಿಡೀ ನೆನೆಯಿಡುವ ಬದಲು ಅದ್ದಿ ತೆಗೆಯಿರಿ, ಕೂಡಲೇ ತಣ್ಣೀರಿನಲ್ಲಿ ತೊಳೆಯಿರಿ. ಹಾಲಿನ ಕೊಬ್ಬು ಕಟ್ಟಡದ ಸಂದಿಯಲ್ಲಿ, ಬಿರುಕಿನಲ್ಲಿ ಉಳಿದರೆ ಕೊಳೆತು ಮಬ್ಬು ಪದರವಾಗುತ್ತದೆ.

ಉಂಗುರ ಬಿಗಿಯಾಗಿದೆ, ಹಿಗ್ಗಿಸಬಹುದೇ?

ಹಿಗ್ಗಿಸಬಹುದು, ಕಲ್ಲು ಬಿಚ್ಚಿದ ಮೇಲೆ. ಬೆಸುಗೆಯ ಉರಿ, ಆಮೇಲೆ ಅದ್ದುವ ಆಮ್ಲ, ಪಾಲಿಶ್ ಚಕ್ರದ ಬಿಸಿ ಮೂರೂ ಪಚ್ಚೆಗೆ ಆಗದು. ‘ಒದ್ದೆ ಬಟ್ಟೆ ಸುತ್ತಿ ಮಾಡಿಬಿಡುತ್ತೇನೆ’ ಎನ್ನುವ ಅಕ್ಕಸಾಲಿಗರಿದ್ದಾರೆ. ವಜ್ರಕ್ಕೆ ಅದು ನಡೆದೀತು, ಪಚ್ಚೆಗೆ ಒಪ್ಪಬೇಡಿ. ಕೊಡುವ ಮುನ್ನ ಕಲ್ಲಿನ ಫೋಟೊ, ಮಿಲಿಮೀಟರ್ ಅಳತೆ ಚೀಟಿಯ ಮೇಲೆ ಬರೆಸಿಕೊಳ್ಳಿ. ಪ್ರತಿ ಕಲ್ಲಿನ ಒಳ ಎಳೆಗಳ ವಿನ್ಯಾಸ ಬೇರೆ, ಫೋಟೊದಲ್ಲಿ ಅದು ಗುರುತಿಗೆ ಸಿಗುತ್ತದೆ.

ವರ್ಷಗಳಾದ ಮೇಲೆ ಕಲ್ಲಿನಲ್ಲಿ ಬಿಳಿ ಗೆರೆಗಳು ಕಾಣುತ್ತಿವೆ. ಒಡೆಯಿತೇ?

ಸಾಮಾನ್ಯವಾಗಿ ಒಡೆದಿರುವುದಿಲ್ಲ, ಎಣ್ಣೆ ಒಣಗಿರುತ್ತದೆ. ಬಣ್ಣದ ಹರಳಿನ ಕೆಲಸ ತಿಳಿದವರು ಕಲ್ಲು ಬಿಚ್ಚಿ, ಹಳೆಯ ಎಣ್ಣೆ ಮತ್ತು ಕೊಳೆಯನ್ನು ದ್ರಾವಕದಲ್ಲಿ ದಿನಗಟ್ಟಲೆ ನೆನೆಯಿಟ್ಟು ತೆಗೆದು, ಒಣಗಿಸಿ, ನಿರ್ವಾತದಲ್ಲಿ ಹದವಾಗಿ ಬೆಚ್ಚಗಿನ ಎಣ್ಣೆಯನ್ನು ಮತ್ತೆ ಇಳಿಸುತ್ತಾರೆ. ಒಳಗೆ ಕೊಳೆ ಉಳಿಸಿಕೊಂಡು ಎಣ್ಣೆ ಹಾಕಿದರೆ ಕಂದು ಛಾಯೆ ಕಾಯಂ ಆಗುತ್ತದೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಎರಡು ದಿನ ಹೊಳೆಯುತ್ತದೆ, ಆಮೇಲೆ ಧೂಳು ಹಿಡಿದು ಜಿಡ್ಡುಗಟ್ಟುತ್ತದೆ. ಮುಂದೆ ತೊಳೆಯುವವರಿಗೂ ಕಷ್ಟ.

ಗೆರೆ ಮೇಲ್ಮೈಯಲ್ಲಿ ಉಗುರಿಗೆ ತಗುಲಿದರೆ ಮಾತ್ರ ಅದು ಮುಕ್ಕು. ಹೊಸದಾಗಿ ಸಾಣೆ ಹಿಡಿಸಿ ಅಂಚು ಸರಿಮಾಡಿಸಬಹುದು. ಎಷ್ಟು ತೂಕ ಹೋಗುತ್ತದೆ ಎಂದು ಮೊದಲೇ ಕೇಳಿ, ಕೆಲಸ ಮುಗಿದ ಮೇಲೆ ಹೊಸ ವರದಿ ಮಾಡಿಸಿ. ಹಳೆಯ ವರದಿಯ ತೂಕ, ಅಳತೆ, ತುಂಬುವಿಕೆಯ ಪ್ರಮಾಣ ಆ ಕಲ್ಲಿಗೆ ಇನ್ನು ಹೊಂದುವುದಿಲ್ಲ.

ಎತ್ತಿಡುವುದು ಹೇಗೆ?

ಒಂದೊಂದನ್ನೂ ಬೇರೆ ಬೇರೆ ಮೆತ್ತನೆಯ ಬಟ್ಟೆ ಚೀಲದಲ್ಲಿ. ವಜ್ರ, ಮಾಣಿಕ್ಯ, ನೀಲ ಮೂರೂ ಪಚ್ಚೆಯನ್ನು ಗೀಚುತ್ತವೆ. ಬಿಸಿಲು ಬೀಳುವ ಕಿಟಕಿಯ ಹಲಗೆ, ಕಾರಿನ ಡ್ಯಾಶ್‌ಬೋರ್ಡ್ ಬೇಡ. ಲಾಕರಿನಲ್ಲಿಟ್ಟಿದ್ದರೆ ವರ್ಷಕ್ಕೊಮ್ಮೆ ತೆಗೆದು ಕೊಕ್ಕೆಗಳು ಬಿಗಿಯಾಗಿವೆಯೇ, ಗೆರೆಗಳು ಹೊಸದಾಗಿ ಬೆಳ್ಳಗಾಗಿವೆಯೇ ನೋಡಿ. ಮಣಿಸರವಾದರೆ ದಾರವನ್ನೂ ನೋಡಿ. ಪಚ್ಚೆ ಮಣಿಯ ತೂತಿನ ಅಂಚು ಹರಿತ, ರೇಷ್ಮೆ ದಾರ ಅಲ್ಲೇ ಸವೆಯುತ್ತದೆ. ಮಣಿ ಮಣಿಗೂ ಗಂಟು ಹಾಕಿ ಪೋಣಿಸಿದ್ದರೆ ದಾರ ಹರಿದಾಗ ಒಂದೇ ಮಣಿ ಬೀಳುತ್ತದೆ.